ಕ್ಯಾಶ್‌ಬ್ಯಾಕ್ ಕಾರ್ಡ್ ಮೇಲೆ ‘ಬಡ್ಡಿ ಇಲ್ಲದ ಕಂತು’: ಪಿನ್ ಒತ್ತುವ ಮುಂಚೆ ಹಾಕಬೇಕಾದ ಲೆಕ್ಕ

ದೀಪಾವಳಿ ಹತ್ತಿರ ಬಂದರೆ ಸಾಕು, ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಯುಗಾದಿಗೂ ಬರುತ್ತದೆ, ಮನೆಯಲ್ಲಿ ಮದುವೆ ಗೊತ್ತಾದಾಗಲೂ ಬರುತ್ತದೆ. "ಫ್ರಿಜ್ ತಗೊಳ್ಳಬೇಕು. ನನ್ನ ಕ್ರೆಡಿಟ್ ಕಾರ್ಡ್‌ಗೆ ಕ್ಯಾಶ್‌ಬ್ಯಾಕ್ ಇದೆ. ಅಂಗಡಿಯವರು ಅದೇ ಕಾರ್ಡ್ ಮೇಲೆ ನೋ ಕಾಸ್ಟ್ ಇಎಂಐ ಮಾಡಿಕೊಡ್ತೀವಿ ಅಂತಾರೆ. ಎರಡೂ ಲಾಭ ಸಿಗುತ್ತೆ ಅಲ್ವಾ?" ವಿಜಯಪುರದಿಂದ ಕೇಳುತ್ತಾರೆ, ಬಾಗಲಕೋಟೆಯ ನವನಗರದಿಂದ ಕೇಳುತ್ತಾರೆ, ಬೆಳಗಾವಿಯ ಟಿಳಕವಾಡಿಯಿಂದಲೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಬಹಳಷ್ಟು ಕಾರ್ಡ್‌ಗಳಲ್ಲಿ ಎರಡೂ ಒಟ್ಟಿಗೆ ಸಿಗುವುದಿಲ್ಲ. ಕಂತು ಮಾಡಿದರೆ ಕ್ಯಾಶ್‌ಬ್ಯಾಕ್ ಹೋಗುತ್ತದೆ. ಇನ್ನು ‘ನೋ ಕಾಸ್ಟ್’ ಅಂದರೂ ಒಂದಿಷ್ಟು ಖರ್ಚು ಬಂದೇ ಬರುತ್ತದೆ. ಅದು ಎಷ್ಟು ಅಂತ ಗೊತ್ತಿದ್ದು ತಗೊಂಡರೆ ತಪ್ಪೇನಿಲ್ಲ. ಗೊತ್ತಿಲ್ಲದೆ ತಗೊಂಡವರೇ ಮೂರನೇ ತಿಂಗಳ ಬಿಲ್ ಹಿಡಿದುಕೊಂಡು ಗಾಬರಿಯಾಗುತ್ತಾರೆ.

ಏನೇನು ಕೈಯಲ್ಲಿರಬೇಕು

ನಿಮ್ಮ ಕಾರ್ಡ್‌ನ ಮುಖ್ಯ ಷರತ್ತುಗಳ ಹಾಳೆ ಬೇಕು. ಎಂಐಟಿಸಿ ಅಂತ ಕರೆಯುತ್ತಾರೆ. ಕಾರ್ಡ್ ಜೊತೆ ಬಂದಿರುತ್ತದೆ, ಬ್ಯಾಂಕಿನ ಜಾಲತಾಣದಲ್ಲೂ ಇರುತ್ತದೆ. ಹಿಂದಿನ ಎರಡು ತಿಂಗಳ ಬಿಲ್, ಬ್ಯಾಂಕಿನ ಆ್ಯಪ್, ಒಂದು ಪೆನ್ನು, ಹಾಳೆ. ಇವುಗಳ ಜೊತೆ ಇನ್ನೊಂದು ಬೇಕು. ನಿಮ್ಮ ಮನೆಗೆ ರೊಕ್ಕ ಯಾವ ತಿಂಗಳು, ಯಾವ ತಾರೀಖಿಗೆ ಬರುತ್ತದೆ ಅನ್ನುವ ಪಟ್ಟಿ. ಇದನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಉಳಿದೆಲ್ಲದಕ್ಕಿಂತ ಇದೇ ದೊಡ್ಡದು.

ಹಂತ 1: ಐದು ಪದ ತಿಳಿದುಕೊಳ್ಳಿ

ಬಿಲ್ ದಿನ ಅಂದರೆ ತಿಂಗಳ ಲೆಕ್ಕ ಮುಚ್ಚುವ ದಿನ. ಕೊನೆ ದಿನ ಅಂದರೆ ರೊಕ್ಕ ಕಟ್ಟಲೇಬೇಕಾದ ದಿನ. ಸಾಮಾನ್ಯವಾಗಿ ಬಿಲ್ ಆದ 18ರಿಂದ 20 ದಿನಕ್ಕೆ ಬರುತ್ತದೆ. ಬಿಲ್ ಆದ ಮರುದಿನ ಏನಾದರೂ ಕೊಂಡರೆ ಸುಮಾರು 45ರಿಂದ 50 ದಿನ ಬಡ್ಡಿ ಇಲ್ಲದ ಉದ್ರಿ ಸಿಕ್ಕಂತೆ. ಆದರೆ ಹಿಂದಿನ ಬಿಲ್ ಪೂರ್ತಿ ಕಟ್ಟಿದವರಿಗೆ ಮಾತ್ರ.

ಕ್ಯಾಶ್‌ಬ್ಯಾಕ್ ಅಂದರೆ ಖರ್ಚಿನ ಒಂದು ಪಾಲು ವಾಪಸ್ ಬರುವುದು. ಕೆಲವು ಕಾರ್ಡ್ ನೇರವಾಗಿ ಬಿಲ್‌ನಲ್ಲಿ ಕಡಿಮೆ ಮಾಡುತ್ತವೆ, ಕೆಲವು ಪಾಯಿಂಟ್ ಕೊಡುತ್ತವೆ. ತಕ್ಷಣದ ರಿಯಾಯಿತಿ ಬೇರೆ, ಕ್ಯಾಶ್‌ಬ್ಯಾಕ್ ಬೇರೆ. ರಿಯಾಯಿತಿ ಕೌಂಟರ್‌ನಲ್ಲೇ ಕಳೆಯುತ್ತಾರೆ. ಹಬ್ಬದ ‘ಕ್ಯಾಶ್‌ಬ್ಯಾಕ್ ಆಫರ್’ ಮೂರು ನಾಲ್ಕು ತಿಂಗಳಾದ ಮೇಲೆ ಬರುವುದೂ ಉಂಟು.

ನೋ ಕಾಸ್ಟ್ ಇಎಂಐ ಅಂದರೆ ಬ್ಯಾಂಕ್ ಬಡ್ಡಿ ಹಾಕುತ್ತದೆ, ಅಷ್ಟೇ ಮೊತ್ತವನ್ನು ಅಂಗಡಿಯವರೋ ಕಂಪನಿಯವರೋ ಬೆಲೆಯಲ್ಲಿ ಮೊದಲೇ ಕಳೆಯುತ್ತಾರೆ. ಬಡ್ಡಿ ಇಲ್ಲ ಅಂತಲ್ಲ, ಬಡ್ಡಿಯನ್ನು ಬೇರೆಯವರು ತುಂಬುತ್ತಾರೆ ಅಂತ. 2013ರ ಸೆಪ್ಟೆಂಬರ್‌ನಲ್ಲೇ ಆರ್‌ಬಿಐ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ, ಸೊನ್ನೆ ಬಡ್ಡಿ ಅನ್ನುವ ಕಲ್ಪನೆಯೇ ಇಲ್ಲ ಎಂದು ಹೇಳಿತ್ತು. 2022ರ ಕಾರ್ಡ್ ನಿಯಮಗಳಲ್ಲಿ ಇನ್ನೂ ಬಿಡಿಸಿ ಹೇಳಿದೆ: ಕಂತು ಮಾಡುವ ಮುಂಚೆ ಅಸಲು ಎಷ್ಟು, ಬಡ್ಡಿ ಎಷ್ಟು, ಕಳೆದ ರಿಯಾಯಿತಿ ಎಷ್ಟು ಅಂತ ಗ್ರಾಹಕರಿಗೆ ತೋರಿಸಬೇಕು. ಬಿಲ್‌ನಲ್ಲೂ ಬೇರೆ ಬೇರೆಯಾಗಿ ತೋರಿಸಬೇಕು. ಬಡ್ಡಿ ಇರುವ ಕಂತನ್ನು ಬಡ್ಡಿ ಇಲ್ಲ ಅಂತ ಮುಚ್ಚಿಡುವಂತಿಲ್ಲ. ಹಾಗಾಗಿ ಈ ಮೂರು ಅಂಕಿ ಕೇಳುವುದು ನಿಮ್ಮ ಹಕ್ಕು. ಸಂಕೋಚ ಪಡಬೇಡಿ.

ಐದನೇ ಪದ, ಕನಿಷ್ಠ ಬಾಕಿ. ಅದನ್ನು ಹಂತ 7ರಲ್ಲಿ ನೋಡೋಣ. ಅಪಾಯ ಇರುವುದೇ ಅಲ್ಲಿ.

ಹಂತ 2: ರೊಕ್ಕ ಬರುವ ದಿನ ಬರೆದಿಡಿ

ತಿಂಗಳ ಪಗಾರ ಇರುವವರಿಗೆ ಇದು ಸುಲಭ. ಒಂದನೇ ತಾರೀಖು ಪಗಾರ ಆದರೆ, ಕೊನೆ ದಿನ ಐದರಿಂದ ಹತ್ತರೊಳಗೆ ಬರುವಂತೆ ಮಾಡಿಕೊಳ್ಳಿ. ಬಿಲ್ ದಿನವನ್ನು ಕನಿಷ್ಠ ಒಂದು ಸಲ ಬದಲಿಸಿಕೊಳ್ಳುವ ಅವಕಾಶ ಆರ್‌ಬಿಐ ನಿಯಮದಲ್ಲೇ ಇದೆ. ಆ್ಯಪ್‌ನಲ್ಲಿ ಸಿಗದಿದ್ದರೆ ಗ್ರಾಹಕ ಸೇವೆಗೆ ಫೋನ್ ಮಾಡಿ.

ನಮ್ಮ ಕಡೆ ಎಷ್ಟೋ ಮನೆಗಳ ಲೆಕ್ಕ ಹೀಗಿರುವುದಿಲ್ಲ. ಮುಧೋಳ, ಜಮಖಂಡಿ, ಗೋಕಾಕ ಕಡೆ ಕಬ್ಬು ನುರಿಸುವುದು ಶುರುವಾಗುವುದೇ ಅಕ್ಟೋಬರ್ ಕೊನೆಗೋ ನವೆಂಬರ್‌ಗೋ. ಕಬ್ಬು ಹೋದ 14 ದಿನದೊಳಗೆ ಕಾರ್ಖಾನೆಯವರು ಬಿಲ್, ಅಂದರೆ ಕಬ್ಬಿನ ರೊಕ್ಕ, ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಬಾಕಿಗಾಗಿ ರೈತರು ಎಷ್ಟು ಸಲ ಬೀದಿಗೆ ಇಳಿದಿದ್ದಾರೆ ಅಂತ ನಿಮಗೇ ಗೊತ್ತು. ವಿಜಯಪುರ, ತಿಕೋಟಾ ಕಡೆಯ ದ್ರಾಕ್ಷಿಯವರಿಗೆ ಕೊಯ್ಲು ಮುಗಿದು, ಒಣದ್ರಾಕ್ಷಿ ಆಗಿ, ಒಳ್ಳೆ ರೇಟು ಬರುವವರೆಗೆ ಕೈಗೆ ರೊಕ್ಕ ಇಲ್ಲ. ಕಂತಿಗೆ ಇದ್ಯಾವುದೂ ಗೊತ್ತಿಲ್ಲ. ಅದು ಪ್ರತಿ ತಿಂಗಳು ಅದೇ ತಾರೀಖಿಗೆ ಬಂದು ನಿಲ್ಲುತ್ತದೆ.

ಹಾಗಾಗಿ ವರ್ಷಕ್ಕೆ ಒಂದೋ ಎರಡೋ ಸಲ ರೊಕ್ಕ ಬರುವ ಮನೆಯವರಿಗೆ ನನ್ನ ಸಲಹೆ ಇಷ್ಟೇ. ದೀಪಾವಳಿಗೆ ಕಂತು ಮಾಡಿ "ಕಬ್ಬಿನ ಬಿಲ್ ಬಂದ ಮೇಲೆ ಕಟ್ಟೋಣ" ಅನ್ನಬೇಡಿ. ಕಬ್ಬಿನ ರೊಕ್ಕ ಕೈಗೆ ಬಂದ ಮೇಲೆ ಕೊಳ್ಳಿ. ಆಗಲೂ ಕಂತೇ ಬೇಕು ಅನ್ನಿಸಿದರೆ, ಅದೇ ದಿನ ಎಲ್ಲ ಕಂತಿನ ಮೊತ್ತವನ್ನು ಬೇರೆ ಉಳಿತಾಯ ಖಾತೆಗೆ ಹಾಕಿ, ಆ ಖಾತೆಯಿಂದಲೇ ಕಾರ್ಡ್ ಬಿಲ್ ಕಟ್ಟುವಂತೆ ಮಾಡಿ. ಆ ಖಾತೆಯ ಎಟಿಎಂ ಕಾರ್ಡ್ ಮನೆಯಲ್ಲೇ ಇರಲಿ.

ಹಂತ 3: ಕಾರ್ಡ್‌ನ ಒಳಗಿನ ಷರತ್ತು ಓದಿ

ಷರತ್ತುಗಳ ಹಾಳೆಯಲ್ಲಿ "ಯಾವುದಕ್ಕೆ ಕ್ಯಾಶ್‌ಬ್ಯಾಕ್ ಇಲ್ಲ" ಅನ್ನುವ ಭಾಗಕ್ಕೆ ನೇರವಾಗಿ ಹೋಗಿ. ಪೆಟ್ರೋಲ್, ಬಾಡಿಗೆ, ವ್ಯಾಲೆಟ್‌ಗೆ ರೊಕ್ಕ ತುಂಬುವುದು, ಬಂಗಾರ, ವಿಮೆ, ಕರೆಂಟ್ ಬಿಲ್, ಇಎಂಐ ಖರೀದಿ. ಇವುಗಳಲ್ಲಿ ಹಲವು ಆ ಪಟ್ಟಿಯಲ್ಲಿ ಸಿಗುತ್ತವೆ. ಇಎಂಐ ಅಲ್ಲಿದ್ದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಆಮೇಲೆ ತಿಂಗಳ ಮಿತಿ ನೋಡಿ. "ಶೇ. 5 ಕ್ಯಾಶ್‌ಬ್ಯಾಕ್" ಅಂತ ದೊಡ್ಡ ಅಕ್ಷರದಲ್ಲಿ ಹಾಕಿ, ತಿಂಗಳಿಗೆ ಇಷ್ಟೇ ರೂಪಾಯಿ ಅಂತ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಶೇ. 5 ಆನ್‌ಲೈನ್ ಖರೀದಿಗೆ ಮಾತ್ರ, ಅಂಗಡಿಯಲ್ಲಿ ಶೇ. 1 ಅನ್ನುವ ಕಾರ್ಡ್‌ಗಳೂ ಇವೆ. ಖಡೇಬಜಾರ್‌ನಲ್ಲೋ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್‌ನಲ್ಲೋ ಸಂತೆ ಮಾಡುವವರಿಗೆ ಆ ಶೇ. 5ರಿಂದ ಏನು ಬಂತು?

ವಾರ್ಷಿಕ ಶುಲ್ಕದ ಲೆಕ್ಕವನ್ನೂ ಹಾಕಿ. ಶುಲ್ಕ ₹999 ಅಂದರೆ ಜಿಎಸ್‌ಟಿ ಸೇರಿ ₹1,178 ದಾಟುತ್ತದೆ. ಶೇ. 1ರಂತೆ ಅಷ್ಟು ವಾಪಸ್ ಬರಬೇಕಾದರೆ ವರ್ಷಕ್ಕೆ ಸುಮಾರು ₹1.18 ಲಕ್ಷ ಖರ್ಚು ಮಾಡಬೇಕು. ಅಷ್ಟು ಖರ್ಚಿಲ್ಲದವರು ಶುಲ್ಕವಿಲ್ಲದ ಕಾರ್ಡ್ ನೋಡಿ. ಪಗಾರ ಚೀಟಿ, ಐಟಿ ರಿಟರ್ನ್ ಇಲ್ಲದ ರೈತರಿಗೆ, ಗೃಹಿಣಿಯರಿಗೆ ಎಫ್‌ಡಿ ಇಟ್ಟು ಪಡೆಯುವ ಕಾರ್ಡ್ ಇದೆ. ಮೊದಲ ಕಾರ್ಡ್ ಅದೇ ಆದರೆ ಒಳ್ಳೆಯದು ಅಂತ ನಾನು ಹೇಳುತ್ತೇನೆ. ಮಿತಿ ಚಿಕ್ಕದಿರುತ್ತದೆ, ಕೈ ಮೀರುವುದಿಲ್ಲ.

ರುಪೇ ಕ್ರೆಡಿಟ್ ಕಾರ್ಡ್ ಆದರೆ ಯುಪಿಐಗೆ ಜೋಡಿಸಿ ಅಂಗಡಿಯ ಕ್ಯೂಆರ್‌ಗೆ ಕೊಡಬಹುದು. 2022ರಿಂದ ಈ ಅವಕಾಶ ಇದೆ. ವ್ಯಾಪಾರಿ ಕ್ಯೂಆರ್‌ಗೆ ಮಾತ್ರ, ನೆಂಟರ ನಂಬರಿಗೆ ಕಳಿಸಲು ಆಗುವುದಿಲ್ಲ. ಯುಪಿಐ ಖರ್ಚಿಗೆ ಕ್ಯಾಶ್‌ಬ್ಯಾಕ್ ಇದೆಯಾ ಅಂತ ಬೇರೆಯಾಗಿ ನೋಡಿ. ಎಲ್ಲ ಕಾರ್ಡ್‌ಗಳಲ್ಲಿ ಇರುವುದಿಲ್ಲ.

ಹಂತ 4: ಕಾರ್ಡ್ ಹೊರಗೆ ತೆಗೆಯುವ ಮುಂಚೆ ನಗದು ಬೆಲೆ ಕೇಳಿ

ಅಂಗಡಿಗೆ ಹೋದ ತಕ್ಷಣ "ಇಎಂಐ ಇದೆಯಾ?" ಅಂತ ಕೇಳಬೇಡಿ. ಕೇಳಿದರೆ ಚೌಕಾಸಿ ಅಲ್ಲಿಗೇ ಮುಗಿಯಿತು. ಮೊದಲು "ಈಗಲೇ ಪೂರ್ತಿ ಕೊಟ್ಟರೆ ಕಡೇ ರೇಟು ಎಷ್ಟು?" ಅಂತ ಕೇಳಿ. ಬರೆದುಕೊಳ್ಳಿ. ಇನ್ನೆರಡು ಅಂಗಡಿಯಲ್ಲಿ ಕೇಳಿ. ಆಮೇಲೆ ಕಂತಿನ ಬೆಲೆ ಕೇಳಿ. ಎರಡೂ ಒಂದೇ ಆಗಿದ್ದರೆ ಒಳ್ಳೆಯ ಆಫರ್. ಬೇರೆ ಆಗಿದ್ದರೆ, ಆ ವ್ಯತ್ಯಾಸವೇ ನಿಮ್ಮ ನಿಜವಾದ ಬಡ್ಡಿ. ಕಾರ್ಡ್ ಉಜ್ಜಿದರೆ ಶೇ. 2 ಜಾಸ್ತಿ ಅನ್ನುವ ಅಂಗಡಿಯೂ ಸಿಗುತ್ತದೆ. ಅಲ್ಲಿ ಶೇ. 1 ಕ್ಯಾಶ್‌ಬ್ಯಾಕ್‌ಗೆ ಅರ್ಥವೇ ಇಲ್ಲ.

ಹಂತ 5: ಲೆಕ್ಕ ಹಾಕಿ

ಇದನ್ನು ನಿಧಾನವಾಗಿ ಓದಿ. ಒಂದು ಫ್ರಿಜ್ ಇಟ್ಟುಕೊಳ್ಳೋಣ. ಹಚ್ಚಿದ ಬೆಲೆ ₹36,000. ಆರು ತಿಂಗಳ ನೋ ಕಾಸ್ಟ್ ಇಎಂಐ, ತಿಂಗಳಿಗೆ ₹6,000. ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇ. 16 ಅಂತ ಹಿಡಿಯೋಣ.

ಒಳಗೆ ನಡೆಯುವುದು ಹೀಗೆ. ಅಂಗಡಿಯಲ್ಲಿ ₹1,622 ರಿಯಾಯಿತಿ ಕಳೆದು, ನಿಮ್ಮ ಹೆಸರಲ್ಲಿ ₹34,378 ಸಾಲ ಆಗುತ್ತದೆ. ಅದಕ್ಕೆ ಆರು ತಿಂಗಳಿಗೆ ₹1,622 ಬಡ್ಡಿ. ಕೂಡಿಸಿದರೆ ₹36,000. ಇಲ್ಲಿಯವರೆಗೆ ಅಂಗಡಿಯವರು ಹೇಳಿದ್ದು ಸರಿ.

ಆದರೆ ಕಾರ್ಡ್ ಬಡ್ಡಿಗೆ ಶೇ. 18 ಜಿಎಸ್‌ಟಿ ಇದೆ. ಬೇರೆ ಸಾಲದ ಬಡ್ಡಿಗೆ ಇಲ್ಲ, ಕ್ರೆಡಿಟ್ ಕಾರ್ಡ್ ಬಡ್ಡಿಗೆ ಇದೆ. ₹1,622ಕ್ಕೆ ₹292. ಇದನ್ನು ಯಾರೂ ತುಂಬಿಕೊಡುವುದಿಲ್ಲ, ನೀವೇ ಕಟ್ಟಬೇಕು. ಜೊತೆಗೆ ಕಂತು ಮಾಡಿಕೊಡಲು ಬ್ಯಾಂಕ್ ಹಾಕುವ ಪ್ರೊಸೆಸಿಂಗ್ ಶುಲ್ಕ ಇರುತ್ತದೆ. ₹199 ಅಂತ ಹಿಡಿದರೆ ಜಿಎಸ್‌ಟಿ ಸೇರಿ ₹235. ಒಟ್ಟು ₹527 ಮೇಲೆ ಬಿತ್ತು. ಅಂದರೆ ಫ್ರಿಜ್‌ಗೆ ನೀವು ಕೊಟ್ಟದ್ದು ₹36,527.

ಈಗ ಮೂರು ದಾರಿ ಪಕ್ಕಪಕ್ಕ ಇಟ್ಟು ನೋಡಿ. ಅದೇ ಫ್ರಿಜ್ ನಗದಿಗೆ ₹34,500ಕ್ಕೆ ಇಳಿಯಿತು ಅನ್ನಿ. ಕಾರ್ಡ್‌ನಲ್ಲಿ ₹36,000 ಒಂದೇ ಸಲ ಕೊಟ್ಟು ಶೇ. 1 ಕ್ಯಾಶ್‌ಬ್ಯಾಕ್ ಪಡೆದರೆ ₹35,640. ಕಂತಿನಲ್ಲಿ ₹36,527, ಕ್ಯಾಶ್‌ಬ್ಯಾಕ್ ಇಲ್ಲ. ನಗದಿಗೂ ಕಂತಿಗೂ ನಡುವೆ ₹2,027 ವ್ಯತ್ಯಾಸ. ಪ್ರತಿ ತಿಂಗಳು ಸಾಲ ತೀರುತ್ತಾ ಹೋಗುವುದನ್ನೂ ಹಿಡಿದು ನೋಡಿದರೆ, ಇದು ವರ್ಷಕ್ಕೆ ಸುಮಾರು ಶೇ. 20 ಬಡ್ಡಿಯ ಸಾಲ. ಬೋರ್ಡ್ ಮೇಲೆ ಮಾತ್ರ ‘ನೋ ಕಾಸ್ಟ್’.

ಹಾಗಂತ ಕಂತು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆನ್‌ಲೈನ್ ಸೇಲ್‌ನಲ್ಲಿ ಎಷ್ಟೋ ಸಲ ನಗದಿಗೂ ಕಂತಿಗೂ ಒಂದೇ ಬೆಲೆ ಇರುತ್ತದೆ. ಆಗ ನಿಮಗೆ ಬೀಳುವುದು ₹527 ಮಾತ್ರ. ಕೈಯಲ್ಲಿ ರೊಕ್ಕ ಇಲ್ಲದೆ, ಫ್ರಿಜ್ ಬೇಕೇ ಬೇಕಾಗಿದ್ದು, ಇನ್ನೊಂದು ದಾರಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯ ಕೈಸಾಲ ಆಗಿದ್ದರೆ, ಅದು ವರ್ಷಕ್ಕೆ ಶೇ. 36. ಅದಕ್ಕಿಂತ ಈ ಕಂತು ಎಷ್ಟೋ ವಾಸಿ. ಆದರೆ ಖಾತೆಯಲ್ಲಿ ₹34,500 ಇದ್ದೂ "ಬಡ್ಡಿ ಇಲ್ಲವಲ್ಲ" ಅಂತ ಸುಮ್ನೆ ಕಂತು ಮಾಡುವವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಇನ್ನೊಂದು ಜಾತಿಯ ಕಂತಿದೆ. ಖರೀದಿ ಆಗಿ ನಾಲ್ಕು ದಿನಕ್ಕೆ ಬ್ಯಾಂಕಿನಿಂದ ಮೆಸೇಜ್ ಬರುತ್ತದೆ: ನಿಮ್ಮ ₹12,000 ಖರ್ಚನ್ನು ಸುಲಭ ಕಂತಿಗೆ ಬದಲಿಸಿ. ಇದು ನೋ ಕಾಸ್ಟ್ ಅಲ್ಲ. ಇಲ್ಲಿ ರಿಯಾಯಿತಿ ಕೊಡುವವರು ಯಾರೂ ಇಲ್ಲ. ಪೂರ್ತಿ ಬಡ್ಡಿ ನಿಮ್ಮದೇ. ಮೊದಲು ಬಂದ ಕ್ಯಾಶ್‌ಬ್ಯಾಕ್ ಕೂಡ ವಾಪಸ್ ಹೋಗಬಹುದು. ಬಿಲ್ ಪೂರ್ತಿ ಕಟ್ಟಲು ಆಗುವುದೇ ಇಲ್ಲ ಅನ್ನುವ ತಿಂಗಳು ಮಾತ್ರ ಇದನ್ನು ಬಳಸಿ. ಬಾಕಿ ಉಳಿಸಿಕೊಳ್ಳುವುದಕ್ಕಿಂತ ಇದು ಕಡಿಮೆ ಬಡ್ಡಿ.

ಹಂತ 6: ಕೌಂಟರ್‌ನಲ್ಲಿ

ಮಷಿನ್‌ನಲ್ಲಿ ಪಿನ್ ಒತ್ತುವ ಮುಂಚೆ ಪರದೆ ಓದಿ. ಎಷ್ಟು ತಿಂಗಳು, ಎಷ್ಟು ಬಡ್ಡಿ, ಕಂತು ಎಷ್ಟು ಅಂತ ಅದರಲ್ಲೇ ಬರುತ್ತದೆ. ಆರು ತಿಂಗಳ ಬದಲು ಹನ್ನೆರಡು ಒತ್ತಿಬಿಟ್ಟರೆ ಆಮೇಲೆ ಬದಲಿಸುವುದು ದೊಡ್ಡ ಓಡಾಟ. ಸಾಮಾನ್ಯವಾಗಿ ನೋ ಕಾಸ್ಟ್ ಇರುವುದು 3 ಅಥವಾ 6 ತಿಂಗಳಿಗೆ. ಅದಕ್ಕಿಂತ ಉದ್ದದ ಅವಧಿಗೆ ಬಡ್ಡಿ ನಿಮ್ಮ ಮೇಲೇ ಬೀಳಬಹುದು. ಪ್ರತಿಯೊಂದು ಅವಧಿಗೂ ಬೇರೆಯಾಗಿ ಕೇಳಿ.

ಎರಡು ಚೀಟಿ ತಗೊಳ್ಳಿ: ಮಷಿನ್ ಚೀಟಿ ಮತ್ತು ಜಿಎಸ್‌ಟಿ ಬಿಲ್. ಮಷಿನ್ ಚೀಟಿಯ ಶಾಯಿ ಎರಡು ತಿಂಗಳಲ್ಲಿ ಅಳಿಸಿಹೋಗುತ್ತದೆ, ಅಲ್ಲೇ ಫೋಟೋ ತೆಗೆದುಕೊಳ್ಳಿ. "ಕ್ಯಾಶ್‌ಬ್ಯಾಕ್ ಆಮೇಲೆ ಬರ್ತದ್ರಿ" ಅಂದರೆ ಎಷ್ಟು, ಯಾವ ತಾರೀಖಿನೊಳಗೆ, ಯಾರು ಕೊಡುತ್ತಾರೆ ಅಂತ ಬಿಲ್ ಮೇಲೆ ಬರೆಸಿಕೊಳ್ಳಿ. ಬಾಯಿ ಮಾತಿನ ಕ್ಯಾಶ್‌ಬ್ಯಾಕ್ ಕೇಳಲು ನಾಲ್ಕು ತಿಂಗಳಾದ ಮೇಲೆ ಹೋದರೆ ಆ ಸೇಲ್ಸ್ ಹುಡುಗನೇ ಅಲ್ಲಿ ಇರುವುದಿಲ್ಲ.

ಪಕ್ಕದಲ್ಲೇ ವಾರಂಟಿ ವಿಸ್ತರಣೆ, ವಿಮೆ, ಸ್ಟೆಬಿಲೈಜರ್ ಎಲ್ಲ ಸೇರಿಸಿ ಕಂತಿನ ಮೊತ್ತ ಏರಿಸಿರುತ್ತಾರೆ. ಬೇಡದ್ದನ್ನು ತೆಗೆಸಿ.

ಹಂತ 7: ಮೊದಲ ಬಿಲ್ ಬಂದಾಗ

ಮೇಲಿನ ಫ್ರಿಜ್‌ನ ಮೊದಲ ಬಿಲ್ ಹೀಗೆ ಕಾಣುತ್ತದೆ:

ಇಎಂಐ ಅಸಲು: ₹5,541.63
ಇಎಂಐ ಬಡ್ಡಿ: ₹458.37
ಬಡ್ಡಿ ಮೇಲೆ ಜಿಎಸ್‌ಟಿ: ₹82.51
ಪ್ರೊಸೆಸಿಂಗ್ ಶುಲ್ಕ: ₹199.00
ಶುಲ್ಕದ ಮೇಲೆ ಜಿಎಸ್‌ಟಿ: ₹35.82

ಒಟ್ಟು ₹6,317.33. ಆರು ಸಾವಿರ ಅಂತ ಖಾತೆಯಲ್ಲಿ ಅಷ್ಟೇ ಇಟ್ಟಿದ್ದರೆ ₹317 ಕಡಿಮೆ ಬಿತ್ತು. ಇಲ್ಲೇ ಬಹಳ ಜನ ಎಡವುತ್ತಾರೆ. ಮುಂದಿನ ತಿಂಗಳಿಂದ ಬಡ್ಡಿ ಇಳಿಯುತ್ತಾ ಹೋಗುತ್ತದೆ, ಜಿಎಸ್‌ಟಿಯೂ ಇಳಿಯುತ್ತದೆ. ಆರನೇ ಕಂತಿನಲ್ಲಿ ಜಿಎಸ್‌ಟಿ ₹14 ಅಷ್ಟೇ. ಹೀಗೆ ಇಳಿಯದಿದ್ದರೆ ಏನೋ ತಪ್ಪಾಗಿದೆ, ಬ್ಯಾಂಕಿಗೆ ಕೇಳಿ.

ಇನ್ನು ಕನಿಷ್ಠ ಬಾಕಿ. ಬಿಲ್‌ನಲ್ಲಿ ಎರಡು ಮೊತ್ತ ಇರುತ್ತವೆ, ಒಟ್ಟು ಬಾಕಿ ಮತ್ತು ಕನಿಷ್ಠ ಬಾಕಿ. ಕನಿಷ್ಠ ಅಂದರೆ ಕಾರ್ಡ್ ಬಂದ್ ಆಗದಂತೆ, ತಡದ ದಂಡ ಬೀಳದಂತೆ ಕಟ್ಟಬೇಕಾದ ಚಿಕ್ಕ ಮೊತ್ತ. ಬಡ್ಡಿ ಅದರಿಂದ ನಿಲ್ಲುವುದಿಲ್ಲ. ಕಾರ್ಡ್ ಬಾಕಿ ಮೇಲೆ ತಿಂಗಳಿಗೆ ಶೇ. 3ರಿಂದ 3.75ರವರೆಗೆ ಬಡ್ಡಿ ಇರುವುದು ಸಾಮಾನ್ಯ. ₹20,000 ಬಾಕಿ ಇದೆ, ತಿಂಗಳಿಗೆ ಶೇ. 3.5 ಬಡ್ಡಿ ಅನ್ನಿ. ಬಡ್ಡಿ ₹700, ಜಿಎಸ್‌ಟಿ ₹126, ಒಟ್ಟು ₹826. ನೀವು ₹1,000 ಕಟ್ಟಿದರೆ ಸಾಲದಲ್ಲಿ ಇಳಿದದ್ದು ₹174. ಇನ್ನೊಂದು ಸಲ ಓದಿ: ಸಾವಿರ ಕಟ್ಟಿ ನೂರಾ ಎಪ್ಪತ್ನಾಲ್ಕು ಇಳಿಯಿತು.

ಇದು ಫ್ರಿಜ್‌ನ ಕಂತಿಗೆ ಹೇಗೆ ಸಂಬಂಧ ಅಂತ ಕೇಳುತ್ತೀರಿ. ಅದೇ ಕಾರ್ಡ್‌ನಲ್ಲಿ ಕಿರಾಣಿ, ಔಷಧಿ, ಮಕ್ಕಳ ಬಟ್ಟೆ ಎಲ್ಲ ತಗೊಂಡಿರುತ್ತೀರಿ. ಕಂತಿನ ಜೊತೆ ಅದೂ ಬಿಲ್‌ಗೆ ಬರುತ್ತದೆ. ಪೂರ್ತಿ ಕಟ್ಟದೆ ಸ್ವಲ್ಪ ಉಳಿಸಿಕೊಂಡರೆ, ಹೊಸ ಖರೀದಿಗೆ ಸಿಗುತ್ತಿದ್ದ ಬಡ್ಡಿ ಇಲ್ಲದ ದಿನಗಳು ಹೋಗುತ್ತವೆ. ಕೊಂಡ ದಿನದಿಂದಲೇ ಬಡ್ಡಿ ಶುರು. ಶೇ. 1 ಕ್ಯಾಶ್‌ಬ್ಯಾಕ್‌ಗಾಗಿ ಸಂತೆ ಮಾಡಿ ತಿಂಗಳಿಗೆ ಶೇ. 3.5 ಕಟ್ಟಿದಂತಾಯಿತು. ಅದಕ್ಕೇ ನಾನು ಕಂತು ಓಡುತ್ತಿರುವ ಕಾರ್ಡ್‌ನಲ್ಲಿ ದಿನದ ಖರ್ಚು ಮಾಡುವುದಿಲ್ಲ. ಒಂದು ಕಾರ್ಡ್ ಕಂತಿಗೆ, ಇನ್ನೊಂದು ಕ್ಯಾಶ್‌ಬ್ಯಾಕ್‌ಗೆ. ಒಂದೇ ಕಾರ್ಡ್ ಇದ್ದರೆ, ಕಂತು ಮುಗಿಯುವವರೆಗೆ ಸಂತೆ ಯುಪಿಐನಲ್ಲಿ, ಉಳಿತಾಯ ಖಾತೆಯಿಂದ ಆಗಲಿ.

ತಾನಾಗಿ ಬಿಲ್ ಕಟ್ಟುವ ಆಟೋಪೇ ಇಡುವಾಗ ‘ಒಟ್ಟು ಬಾಕಿ’ ಆರಿಸಿ. ‘ಕನಿಷ್ಠ ಬಾಕಿ’ ಆಯ್ಕೆ ಆಗಿದ್ದು ತಿಂಗಳುಗಟ್ಟಲೆ ಗೊತ್ತಾಗದೇ ಹೋದವರಿದ್ದಾರೆ. ಕೊನೆ ದಿನ ತಪ್ಪಿದರೆ ಮೂರು ದಿನದೊಳಗೆ ಕಟ್ಟಿಬಿಡಿ. ಮೂರು ದಿನ ದಾಟಿದ ಮೇಲಷ್ಟೇ ತಡದ ಶುಲ್ಕ ಹಾಕಬೇಕು ಅಂತ ಆರ್‌ಬಿಐ ನಿಯಮ ಇದೆ. ಕಾರ್ಡ್‌ನಿಂದ ಎಟಿಎಂನಲ್ಲಿ ನಗದು ಮಾತ್ರ ತೆಗೆಯಬೇಡಿ. ಶುಲ್ಕವೂ ಬೀಳುತ್ತದೆ, ಬಡ್ಡಿ ಅದೇ ದಿನದಿಂದ ಶುರುವಾಗುತ್ತದೆ.

ಕಂತು ಮಾಡಿದ ದಿನವೇ ಕಾರ್ಡ್ ಮಿತಿಯಲ್ಲಿ ಪೂರ್ತಿ ಮೊತ್ತ ಹಿಡಿದಿಡುತ್ತಾರೆ, ಕಟ್ಟಿದಂತೆ ಬಿಡುತ್ತಾರೆ. ₹50,000 ಮಿತಿಯ ಕಾರ್ಡ್‌ನಲ್ಲಿ ₹36,000 ಫ್ರಿಜ್ ತಗೊಂಡರೆ ಮಿತಿಯ ಸುಮಾರು ಮುಕ್ಕಾಲು ಭಾಗ ಹೋಯಿತು. ಮಿತಿಯ ಶೇ. 30ರೊಳಗೆ ಬಳಸುವುದು ಸಿಬಿಲ್ ಸ್ಕೋರ್‌ಗೆ, ಅಂದರೆ ಸಾಲ ಕೊಡುವ ಮುಂಚೆ ಬ್ಯಾಂಕ್ ನೋಡುವ ನಿಮ್ಮ ಅಂಕಕ್ಕೆ, ಒಳ್ಳೆಯದು ಅನ್ನುತ್ತಾರೆ. ಸದ್ಯದಲ್ಲೇ ಮನೆ ಸಾಲಕ್ಕೋ ಟ್ರ್ಯಾಕ್ಟರ್ ಸಾಲಕ್ಕೋ ಅರ್ಜಿ ಹಾಕುವವರು ಇದನ್ನು ನೆನಪಿಡಿ.

ಹಂತ 8: ವಸ್ತು ವಾಪಸ್ ಕೊಟ್ಟರೆ

ಇದು ನನಗೇ ಆದದ್ದು. ಬೆಳಗಾವಿಯ ಒಂದು ಅಂಗಡಿಯಲ್ಲಿ ಕಂತಿನ ಮೇಲೆ ವಾಷಿಂಗ್ ಮಷಿನ್ ತಗೊಂಡೆವು. ಡ್ರಮ್ ಸರಿ ಇರಲಿಲ್ಲ, ವಾಪಸ್ ಕೊಟ್ಟೆವು. ಅಂಗಡಿಯವರು ಕಾರ್ಡ್‌ಗೆ ರೊಕ್ಕ ಹಾಕಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಕಂತು ಮಾತ್ರ ಬರುತ್ತಲೇ ಇತ್ತು. ವಾಪಸ್ ಬಂದ ರೊಕ್ಕ ಕಾರ್ಡ್‌ನಲ್ಲಿ ಜಮೆಯಾಗಿತ್ತು, ಕಂತಿನ ಸಾಲ ಬೇರೆಯಾಗಿ ಹಾಗೇ ಓಡುತ್ತಿತ್ತು. ಮೂರು ತಿಂಗಳಾದ ಮೇಲೆ ಬಿಲ್ ಸಾಲು ಸಾಲಾಗಿ ಓದಿದಾಗ ಗೊತ್ತಾಯಿತು. ಆಗ ಫೋನ್ ಮಾಡಿ ನಿಲ್ಲಿಸಿದೆ. ಕಟ್ಟಿದ ಬಡ್ಡಿಯ ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ವಾಪಸ್ ಬರಲಿಲ್ಲ.

ಹಾಗಾಗಿ ವಾಪಸ್ ಕೊಟ್ಟ ದಿನವೇ ಅಂಗಡಿಯಿಂದ ರದ್ದು ಚೀಟಿ ತಗೊಳ್ಳಿ. ರೊಕ್ಕ ಕಾರ್ಡ್‌ಗೆ ಬಂದ ತಕ್ಷಣ ಬ್ಯಾಂಕಿಗೆ ಹೇಳಿ: "ಈ ಖರೀದಿ ರದ್ದಾಗಿದೆ, ಇದರ ಇಎಂಐ ಮುಚ್ಚಿ." ದೂರಿನ ಸಂಖ್ಯೆ ಬರೆದಿಡಿ. ಕಂತನ್ನು ಮುಂಚೆಯೇ ತೀರಿಸಬೇಕಾದರೂ ಹೀಗೇ. ಬಿಲ್‌ಗಿಂತ ಜಾಸ್ತಿ ರೊಕ್ಕ ಕಟ್ಟಿದರೆ ಕಂತು ತಾನಾಗಿ ಮುಚ್ಚುವುದಿಲ್ಲ. ಮುಚ್ಚಿ ಅಂತ ಹೇಳಬೇಕು. ಅದಕ್ಕೂ ಉಳಿದ ಅಸಲಿನ ಮೇಲೆ ಶುಲ್ಕ ಇರುತ್ತದೆ, ಶೇ. 3ರ ಆಸುಪಾಸು ಕಾಣಬಹುದು. ಎರಡು ಕಂತು ಮಾತ್ರ ಉಳಿದಿದ್ದರೆ ಸುಮ್ಮನೆ ಕಟ್ಟಿ ಮುಗಿಸುವುದೇ ಅಗ್ಗ.

ಹಂತ 9: ಫೋನ್ ಬಂದರೆ

"ಕಾರ್ಡ್ ಮಿತಿ ಏರಿಸ್ತೀವಿ", "ನಿಮ್ಮ ಕ್ಯಾಶ್‌ಬ್ಯಾಕ್ ಇವತ್ತೇ ಮುಗಿಯುತ್ತೆ", "ಈ ಆ್ಯಪ್ ಹಾಕಿಕೊಳ್ಳಿ". ಈಗ ಕನ್ನಡದಲ್ಲೇ, ನಮ್ಮ ಕಡೆಯ ಮಾತಿನಲ್ಲೇ ಮಾತಾಡುತ್ತಾರೆ, ನಂಬಿಕೆ ಬಂದುಬಿಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಒತ್ತಬೇಡಿ. ಒಟಿಪಿ ಹೇಳಬೇಡಿ. ಬ್ಯಾಂಕಿನವರೇ ಇರಬಹುದು ಅನ್ನಿಸಿದರೆ ಫೋನ್ ಇಟ್ಟು, ಕಾರ್ಡ್ ಹಿಂದಿನ ನಂಬರಿಗೆ ನೀವೇ ಮಾಡಿ.

ರೊಕ್ಕ ಹೋಗಿದ್ದರೆ ಮೊದಲು ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿ, ಬ್ಯಾಂಕಿಗೆ ತಿಳಿಸಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಿಮ್ಮ ತಪ್ಪಿಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನ ಕಳ್ಳತನ ಆಗಿದ್ದರೆ, ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರ ಮೇಲೆ ಹೊಣೆ ಬರುವುದಿಲ್ಲ. 2017ರಿಂದ ಈ ನಿಯಮ ಇದೆ. ಒಟಿಪಿ ನೀವೇ ಹೇಳಿದ್ದರೆ, ತಿಳಿಸುವವರೆಗೆ ಆದ ನಷ್ಟ ನಿಮ್ಮದೇ. ಅದಕ್ಕೇ ನಾಚಿಕೊಂಡು ಕೂಡಬೇಡಿ. ಒಂದೊಂದು ನಿಮಿಷಕ್ಕೂ ಬೆಲೆ ಇದೆ.

ಹಂತ 10: ಬ್ಯಾಂಕ್ ಕೇಳದಿದ್ದರೆ, ಮತ್ತು ಕಾರ್ಡ್ ಮುಚ್ಚುವಾಗ

ಮೊದಲು ಬ್ಯಾಂಕಿಗೇ ಬರವಣಿಗೆಯಲ್ಲಿ ದೂರು ಕೊಡಿ. ಇಮೇಲ್ ಸಾಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಒಂಬುಡ್ಸ್‌ಮನ್ ಅಂದರೆ ಬ್ಯಾಂಕ್ ಮತ್ತು ಗ್ರಾಹಕರ ತಕರಾರು ನೋಡುವ ಅಧಿಕಾರಿ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಹೇಗೆ ಅಂತ 14448ಕ್ಕೆ ಫೋನ್ ಮಾಡಿ ಕೇಳಿ. ನೀವು ಕೇಳದೇ ಕಾರ್ಡ್ ಕಳಿಸಿ ಶುಲ್ಕ ಹಾಕಿದ್ದರೆ ಶುಲ್ಕ ವಾಪಸ್ ಮಾಡಬೇಕು, ಜೊತೆಗೆ ಅದರ ಎರಡು ಪಟ್ಟು ದಂಡವನ್ನೂ ಬ್ಯಾಂಕ್ ಕೊಡಬೇಕು.

ಕಂತು ಮುಗಿದು ಕಾರ್ಡ್ ಬೇಡ ಅನ್ನಿಸಿದರೆ ಬಾಕಿ ಸೊನ್ನೆ ಮಾಡಿ, ಉಳಿದ ಕ್ಯಾಶ್‌ಬ್ಯಾಕ್ ಬಳಸಿ, ಆಮೇಲೆ ಮುಚ್ಚಲು ಕೇಳಿ. ಏಳು ಕೆಲಸದ ದಿನದೊಳಗೆ ಮುಚ್ಚಬೇಕು. ಬಾಕಿ ಇಲ್ಲದಿದ್ದರೂ ತಡ ಮಾಡಿದರೆ ದಿನಕ್ಕೆ ₹500ರಂತೆ ಬ್ಯಾಂಕ್ ನಿಮಗೆ ಕೊಡಬೇಕು. ಮುಚ್ಚಿದ್ದಕ್ಕೆ ಬಂದ ಮೆಸೇಜ್ ಅಥವಾ ಇಮೇಲ್ ಉಳಿಸಿಕೊಳ್ಳಿ. ಎರಡು ತಿಂಗಳು ಬಿಟ್ಟು ನಿಮ್ಮ ಸಾಲದ ವರದಿ ತೆಗೆದು ನೋಡಿ. ಜನರ ಸಾಲದ ದಾಖಲೆ ಇಡುವ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಕಂಪನಿಗಳು ನಾಲ್ಕೂ ವರ್ಷಕ್ಕೊಂದು ವರದಿ ಉಚಿತವಾಗಿ ಕೊಡುತ್ತವೆ. ಅದರಲ್ಲಿ ಕಾರ್ಡ್ ಎದುರು ‘ಮುಚ್ಚಿದೆ’ ಅಂತ, ಬಾಕಿ ಸೊನ್ನೆ ಅಂತ ಇರಬೇಕು. ಇಲ್ಲದಿದ್ದರೆ ಅದೇ ಇಮೇಲ್ ಲಗತ್ತಿಸಿ ತಿದ್ದಿಸಿ.